ಹೊಸ ಮನೆಗೆ ಫ್ಯಾನ್, ಎಸಿ, ಗೀಸರ್: ಎಲ್ಲದಕ್ಕೂ ಐದು ಸ್ಟಾರ್ ಬೇಕಾ?

ವಾಕಡ್, ಪುಣೆ (ಕೇಳಿದವರು): ಎಲ್ಲರಿಗೂ ನಮಸ್ಕಾರ. ಧಾರವಾಡದಿಂದ ಪುಣೆಗೆ ಬಂದಿದ್ದೇವೆ, ಎರಡು ಬೆಡ್‌ರೂಮಿನ ಫ್ಲ್ಯಾಟ್. ಸಾಮಾನೆಲ್ಲ ಹೊಸದಾಗಿ ಕೊಳ್ಳಬೇಕು. ಅಂಗಡಿಯವರು ಕಣ್ಣುಮುಚ್ಚಿ ಐದು ಸ್ಟಾರ್ ತಗೊಳ್ಳಿ ಅನ್ನುತ್ತಾರೆ. ಬಿಲ್ಲಿನಲ್ಲಿ ನಿಜವಾಗಿ ಉಳಿಯುತ್ತದಾ? ಬಳಸಿದವರು ಹೇಳಿ.

ಮುಲುಂಡ್, ಮುಂಬೈ: ಯಾವುದು ದಿನಕ್ಕೆ ಎಷ್ಟು ಗಂಟೆ ಓಡುತ್ತದೆ ಅಂತ ಮೊದಲು ಬರೆದಿಟ್ಟುಕೊಳ್ಳಿ ಅಕ್ಕ. ನಾನಾದರೆ ಮೊದಲು ಫ್ಯಾನಿಗೆ ದುಡ್ಡು ಹಾಕುತ್ತೇನೆ. ಹಳೇ ಮಾದರಿಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ಎಳೆಯುತ್ತದೆ, ಬಿಎಲ್‌ಡಿಸಿ ಫ್ಯಾನ್ (ಕಡಿಮೆ ಕರೆಂಟ್ ಎಳೆಯುವ, ಬ್ರಶ್ ಇಲ್ಲದ ಮೋಟಾರಿನದು) 30ರ ಆಸುಪಾಸು. ದಿನಕ್ಕೆ 15 ಗಂಟೆ ತಿರುಗಿದರೆ ಒಂದು ಫ್ಯಾನಿಗೆ ತಿಂಗಳಿಗೆ 20 ಯೂನಿಟ್ ಉಳಿಯುತ್ತದೆ. ಯೂನಿಟ್‌ಗೆ 10 ರೂಪಾಯಿ ಅಂದುಕೊಂಡರೆ 200 ರೂಪಾಯಿ. ಸಾವಿರ, ಒಂದೂವರೆ ಸಾವಿರ ಜಾಸ್ತಿ ಕೊಟ್ಟಿದ್ದರೂ ವರ್ಷದೊಳಗೆ ವಾಪಸ್ ಬರುತ್ತದೆ.

ಇನ್ನೊಂದು ಮಾತು. ಒಟ್ಟು ಬಿಲ್ಲನ್ನು ಯೂನಿಟ್‌ಗಳಿಂದ ಭಾಗಿಸಿ ದರ ಹಿಡಿಯಬೇಡಿ. ಮಹಾರಾಷ್ಟ್ರದಲ್ಲಿ ಸ್ಲ್ಯಾಬ್, ಅಂದರೆ ದರದ ಹಂತ, 100, 300, 500 ಯೂನಿಟ್‌ಗೆ ಬದಲಾಗುತ್ತದೆ. ನಾವು ಉಳಿಸುವ ಯೂನಿಟ್ ಮೇಲಿನ ಸ್ಲ್ಯಾಬಿನಿಂದಲೇ ಕಡಿಮೆಯಾಗುವುದು. ಆ ದರಕ್ಕೆ ಬಿಲ್ಲಿನ ‘ವಹನ್ ಆಕಾರ್’ (ಕರೆಂಟ್ ಸಾಗಿಸುವ ಶುಲ್ಕ) ಮತ್ತು ಶೇ. 16ರ ವಿದ್ಯುತ್ ಶುಲ್ಕ ಸೇರಿಸಿದರೆ ನಿಮ್ಮ ನಿಜವಾದ ದರ ಸಿಗುತ್ತದೆ.

ಕೋಥ್ರೂಡ್, ಪುಣೆ: ಫ್ಯಾನಿನ ಮಾತು ಸರಿ. ಆದರೆ ಎಸಿ ವಿಷಯದಲ್ಲಿ ಪುಣೆಯವರು ಮುಂಬೈ ಲೆಕ್ಕ ಹಿಡಿಯಬಾರದು. ಎಸಿ ಲೇಬಲ್ಲಿನಲ್ಲಿ ಬರೆದಿರುವ ಯೂನಿಟ್ ವರ್ಷಕ್ಕೆ 1600 ಗಂಟೆ ಓಡಿಸಿದರೆ ಆಗುವ ಖರ್ಚು. ಮೂರು ಸ್ಟಾರ್‌ಗೂ ಐದು ಸ್ಟಾರ್‌ಗೂ 250 ಯೂನಿಟ್ ವ್ಯತ್ಯಾಸ, ಬೆಲೆಯಲ್ಲಿ 8 ಸಾವಿರ ವ್ಯತ್ಯಾಸ ಅಂದುಕೊಳ್ಳಿ. ಮುಂಬೈಯಲ್ಲಿ ಐದು ತಿಂಗಳು ರಾತ್ರಿಯೆಲ್ಲ ಹಾಕಿದರೆ 1200 ಗಂಟೆ. ನಾಲ್ಕೂವರೆ ವರ್ಷದೊಳಗೆ ದುಡ್ಡು ಹುಟ್ಟುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ಎರಡು ತಿಂಗಳು, ರಾತ್ರಿಗೆ ಆರು ಗಂಟೆ ಸಾಕು. 360 ಗಂಟೆಗೆ ಉಳಿಯುವುದು 56 ಯೂನಿಟ್, ಅಂದರೆ 560 ರೂಪಾಯಿ. 8 ಸಾವಿರ ಬರಲು 14 ವರ್ಷ ಬೇಕು! ಪುಣೆಗೆ ಮೂರು ಸ್ಟಾರ್ ಇನ್ವರ್ಟರ್ ಎಸಿ ಧಾರಾಳವಾಗಿ ಸಾಕು. 24 ಡಿಗ್ರಿಗೆ ಇಟ್ಟು ಫ್ಯಾನ್ ಹಾಕಿಕೊಳ್ಳಿ.

ಫ್ರಿಜ್ ಮಾತ್ರ ಬೇರೆ. ಅದು ವರ್ಷವಿಡೀ ಆಫ್ ಆಗುವುದಿಲ್ಲ. ಅಲ್ಲಿ ಜಾಸ್ತಿ ಸ್ಟಾರ್ ಇರುವುದನ್ನೇ ತಗೊಳ್ಳಿ, ಆದರೆ ಒಂದೇ ಲೀಟರಿನವನ್ನು ಹೋಲಿಸಿ. ಲೇಬಲ್ಲಿನ ವರ್ಷವನ್ನೂ ನೋಡಿ. ಸ್ಟಾರ್ ಲೇಬಲ್ ಕೊಡುವ ಕೇಂದ್ರದ ಸಂಸ್ಥೆ ಬಿಇಇ ಆಗಾಗ ಮಟ್ಟ ಏರಿಸುತ್ತದೆ, ಹಾಗಾಗಿ ಆಫರ್‌ನಲ್ಲಿ ಸಿಗುವ ಹಳೇ ಐದು ಸ್ಟಾರ್ ಈಗಿನ ಐದಕ್ಕೆ ಸಮ ಅಲ್ಲ.

ವಾಸ್ಕೋ, ಗೋವಾ: ಸಮುದ್ರದ ಹತ್ತಿರ ಇರುವವರು ಕರೆಂಟ್ ಜೊತೆ ರಿಪೇರಿಯನ್ನೂ ಲೆಕ್ಕ ಹಾಕಬೇಕು. ಉಪ್ಪಿನ ಗಾಳಿ ಎಸಿಯ ಹೊರಗಿನ ಯೂನಿಟ್ಟಿನ ಫಿನ್‌ಗಳನ್ನು (ತೆಳು ಲೋಹದ ಪಟ್ಟಿಗಳನ್ನು) ತಿನ್ನುತ್ತದೆ. ಒಂದು ಸ್ಟಾರ್ ಕಡಿಮೆಯಾದರೂ ಪರವಾಗಿಲ್ಲ, ಕಾಯಿಲ್‌ಗೆ ತುಕ್ಕು ತಡೆಯುವ ಲೇಪನ ಇದೆಯಾ ಅಂತ ಕೇಳಿ.

ವಾಕಡ್, ಪುಣೆ (ಕೇಳಿದವರು): ತುಂಬಾ ಥ್ಯಾಂಕ್ಸ್. ಫ್ಯಾನು ಬಿಎಲ್‌ಡಿಸಿ, ಎಸಿ ಮೂರು ಸ್ಟಾರ್ ಅಂತ ನಿರ್ಧಾರ. ಗೀಸರ್? ನಮ್ಮ ಸೊಸೈಟಿಗೆ ಟ್ಯಾಂಕರ್ ನೀರು.

ಪಿಂಪಳೆ ಸೌದಾಗರ್, ಪುಣೆ: ಹಾಗಾದರೆ ಸ್ಟಾರ್‌ಗಿಂತ ಎಲಿಮೆಂಟ್, ಅಂದರೆ ನೀರು ಕಾಯಿಸುವ ಕಾಯಿಲ್ ನೋಡಿ. ಟ್ಯಾಂಕರಿನ ಗಡಸು ನೀರಿಗೆ ಎಲಿಮೆಂಟ್ ಮೇಲೆ ಬಿಳಿ ಪದರ ಕಟ್ಟುತ್ತದೆ. ನಮ್ಮ ಗೀಸರ್ ಬಿಚ್ಚಿದಾಗ ಕಡ್ಡಿಯಷ್ಟಿದ್ದ ಎಲಿಮೆಂಟ್ ಬೆರಳಿನಷ್ಟು ದಪ್ಪ ಆಗಿತ್ತು. ಆಗ ನೀರು ಕಾಯಲು ಹೊತ್ತು ಹಿಡಿಯುತ್ತದೆ, ಕೊನೆಗೆ ಎಲಿಮೆಂಟ್ ಸುಟ್ಟೇ ಹೋಗುತ್ತದೆ. ಗ್ಲಾಸ್ ಲೇಪನದ ಎಲಿಮೆಂಟ್ ಇರುವುದನ್ನು ಕೊಳ್ಳಿ. ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸುವಾಗ ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಡೆಯುವ ಒಳಗಿನ ಮೆಗ್ನೀಶಿಯಂ ರಾಡ್ ಸವೆದಿದೆಯಾ ಅಂತ ಎದುರಿಗೇ ನಿಂತು ನೋಡಿಸಿ.