'ಹುಸಿ ಕೈನೇಸ್' ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆಂದು ಕನ್ನಡದಲ್ಲಿ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ಹರ್-3 ಎಂಬ ಪ್ರೋಟೀನಿನ ಹತ್ತಿರ ಬಂದು ಕೈ ನಿಂತಿದೆ. ಕೈನೇಸ್ ಎಂದರೆ ಫಾಸ್ಫೇಟ್ ಅಂಟಿಸುವ ಕಿಣ್ವ; ಹರ್-3ರ ಹಾಗೆ ನೋಡಲು ಕೈನೇಸ್‌ನಂತಿದ್ದೂ ಆ ಕೆಲಸ ಮಾಡದ, ಇಲ್ಲವೇ ತೀರಾ ಕಡಿಮೆ ಮಾಡುವ 'ಸ್ಯೂಡೋಕೈನೇಸ್'ಗೆ ಏನನ್ನಬೇಕು?

ಹರ್-3ರ ಕುಟುಂಬದ ಪ್ರೋಟೀನುಗಳು ಸಂದೇಶ ಹಿಡಿಯುವ 'ರಿಸೆಪ್ಟರ್'ಗಳು; ಕೋಶದ ಪೊರೆಯಲ್ಲಿ ನಾಟಿಕೊಂಡಿರುತ್ತವೆ. ಹೊರತುದಿಗೆ ಸಂದೇಶದ ಅಣು ಬಂದು ಕೂತರೆ ಎರಡೆರಡು ಜೊತೆಗೂಡುತ್ತವೆ; ಒಳತುದಿಯ ಕೈನೇಸ್ ಎಟಿಪಿಯಿಂದ (ಕೋಶಕ್ಕೆ ಶಕ್ತಿ ಕೊಡುವ ಅಣು) ಫಾಸ್ಫೇಟ್ ತೆಗೆದು ಜೊತೆಗಾರನ ಟೈರೋಸಿನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿಸುತ್ತದೆ. ಹರ್-3ರಲ್ಲಿ ಈ ಕೆಲಸಕ್ಕೆ ಬೇಕೇಬೇಕಾದ ಜಾಗವೊಂದರಲ್ಲಿ ಆಸ್ಪಾರ್ಟೇಟ್ ಎಂಬ ಅಮೈನೋ ಆಮ್ಲದ ಬದಲು ಆಸ್ಪರಾಜಿನ್ ಇದೆ. ಹಾಗಾಗಿ ಬಹುಕಾಲ ಅದನ್ನು ಸತ್ತ ಕೈನೇಸ್ ಎಂದೇ ಎಣಿಸಿದ್ದರು. ಅದು ಎಟಿಪಿಯನ್ನು ಹಿಡಿಯುತ್ತದೆ, ತುಸು ಕೆಲಸವನ್ನೂ ಮಾಡುತ್ತದೆ ಎಂದು 2010ರಲ್ಲಿ ಗೊತ್ತಾಯಿತು. ಅದೇ ಕುಟುಂಬದ ಇಜಿಎಫ್‌ಆರ್‌ಗೆ ಹೋಲಿಸಿದರೆ ಸುಮಾರು 1000 ಪಟ್ಟು ದುರ್ಬಲ, ಅಷ್ಟೇ.

ಅದೇ ಕುಟುಂಬದ ಹರ್-2ರ ಪಾಡು ಇದಕ್ಕೆ ತಿರುಗಾಮುರುಗಾ. ಕೈನೇಸ್ ಚುರುಕು, ಆದರೆ ಅದರ ಮೇಲೆ ಬಂದು ಕೂರುವ ಅಣು ಯಾವುದೂ ಸಿಕ್ಕಿಲ್ಲ. ಇಬ್ಬರೂ ಸೇರಿದಾಗ, ಕುರುಡನ ಹೆಗಲೇರಿ ಕುಂಟ ದಾರಿ ತೋರುವ ನಮ್ಮ ಅಂಧಪಂಗು ನ್ಯಾಯವೇ: ನ್ಯೂರೆಗ್ಯುಲಿನ್ ಎಂಬ ಸಂದೇಶದ ಅಣು ಬಂದು ಹರ್-3ರ ಮೇಲೆ ಕೂರುತ್ತದೆ, ಹರ್-2 ಅದರ ಬಾಲಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ಆ ಬಾಲದಲ್ಲಿ ಪಿಐ3ಕೆ ಎಂಬ, ಸೂಚನೆಯನ್ನು ಮುಂದಕ್ಕೆ ಸಾಗಿಸುವ ಕಿಣ್ವ ಬಂದು ಕೂರಲು 6 ತಾಣಗಳಿವೆ; 'ಬದುಕು, ಬೆಳೆ' ಎಂಬ ಸೂಚನೆ ಅಲ್ಲಿಂದ ಜೋರಾಗಿ ಹೊರಡುತ್ತದೆ. ಪರ್ಟುಜುಮ್ಯಾಬ್ ಎಂಬ ಔಷಧ ತಡೆಯುವುದು ಈ ಜೊತೆಗೂಡುವಿಕೆಯನ್ನೇ.

ಇಂಥದ್ದನ್ನು 'ಹುಸಿ' ಎನ್ನಲು ಮನಸ್ಸು ಬರುವುದಿಲ್ಲ. ಹುಸಿನಗೆ, ಹುಸಿಕೋಪ, ಹುಸಿ ಬಾಂಬ್ ಕರೆ ಎಲ್ಲದರಲ್ಲೂ ಸೋಗು ಇದೆ. ಅಮೀಬಾದ 'ಮಿಥ್ಯಾಪಾದ' ಶಾಲೆಯಿಂದಲೇ ಬಾಯಿಗೆ ಹತ್ತಿದೆ, ಆದರೆ 'ಮಿಥ್ಯಾಕೈನೇಸ್' ಎಂದರೆ ಇಲ್ಲವೇ ಇಲ್ಲ ಎಂದಂತೆ. 'ಜೊಳ್ಳು' ಎಂದರೆ ತೂರಿ ಎಸೆಯುವ ಕಾಳು, ಅದೂ ಅನ್ಯಾಯ. ನನಗೆ ಒಪ್ಪಿದ್ದು 'ಮಂದ ಕೈನೇಸ್', ಮಂದಬೆಳಕಿನ ಹಾಗೆ. ಇದೆ, ಆದರೆ ಕ್ಷೀಣ. ಮಂದವಾದ ಮಜ್ಜಿಗೆ ಎನ್ನುವ ಕಡೆಯವರಿಗೆ ಇದು 'ಗಟ್ಟಿ' ಎಂದು ಕೇಳಿಸೀತೇ?

'ರಿಸೆಪ್ಟರ್'ಗೆ ಮೊದಲು 'ಗ್ರಾಹಕ' ಎಂದೇ ಬರೆದಿದ್ದೆ. ಕರಡು ಓದಿದ ಚಿಕ್ಕಮ್ಮ, ಅವರೂ ಇದೇ ಚಿಕಿತ್ಸೆ ಪಡೆದವರು, ಆ ಸಾಲಿನ ಮೇಲೆ ಬೆರಳಿಟ್ಟು "ಗ್ರಾಹಕ ಅಂದ್ರೆ ಔಷಧಿ ಕೊಂಡ್ಕೊಳ್ಳೋ ನಾವೇನಾ?" ಎಂದು ಕೇಳಿದರು. ಅಂದೇ ಎಲ್ಲ ಕಡೆ 'ಗ್ರಾಹಿ' ಎಂದು ತಿದ್ದಿದೆ. 'ಮಂದ'ವನ್ನು ಅವರಿಗೆ ತೋರಿಸುವ ಮೊದಲು ನಿಮ್ಮ ಊರುಗಳಲ್ಲಿ ಅದಕ್ಕೆ ಯಾವ ಅರ್ಥ ಮೊದಲು ಹೊಳೆಯುತ್ತದೆ, ದಯವಿಟ್ಟು ತಿಳಿಸಿ.