ಅಮೆರಿಕದಲ್ಲಿ ಫಲಿತಾಂಶಕ್ಕೆ ಸಹಿ ಹಾಕುವುದು ಪಕ್ಷದವರೇನಾ?

ದಾವಣಗೆರೆ ಹುಡುಗ:
ನಮ್ಮಲ್ಲಿ ಚುನಾವಣಾ ಆಯೋಗ ಇದೆ. ಅಲ್ಲಿ ಫಲಿತಾಂಶ ಒಪ್ಪುವ ಮಂಡಳಿಯಲ್ಲಿ ಪಕ್ಷದವರೇ ಕೂತಿರುತ್ತಾರಂತೆ. ನಮ್ಮವನು ಸೋತ, ಸಹಿ ಹಾಕಲ್ಲ ಅಂತ ಒಬ್ಬ ಕೂತರೆ ಏನು ಗತಿ?

ಕ್ಯಾಂಟನ್ ಕನ್ನಡಿಗ:
ಹಾಗೆ ಕೂತದ್ದು ನಮ್ಮ ಕೌಂಟಿಯಲ್ಲೇ! ಮಿಶಿಗನ್‌ ರಾಜ್ಯದ ವೇಯ್ನ್ ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ), ಡೆಟ್ರಾಯಿಟ್ ಇರುವುದು ಇಲ್ಲೇ. ಮಂಡಳಿಯಲ್ಲಿ ನಾಲ್ವರು, ಪಕ್ಷಕ್ಕೆ ಇಬ್ಬರು. ಟ್ರಂಪ್ ಸೋತ ಅಧ್ಯಕ್ಷ ಚುನಾವಣೆಯ ಫಲಿತಾಂಶವನ್ನು 2020ರ ನವೆಂಬರ್ 17ರಂದು ಅವರ ಪಕ್ಷದ ರಿಪಬ್ಲಿಕನ್ನರಿಬ್ಬರೂ ಒಪ್ಪಲಿಲ್ಲ. 2-2. ಜನ ಝೂಮ್‌ನಲ್ಲಿ ಸರಿಯಾಗಿ ತರಾಟೆಗೆ ತೆಗೆದುಕೊಂಡರು. ಅದೇ ರಾತ್ರಿ 4-0 ಆಯಿತು. ಮರುದಿನ ಇಬ್ಬರೂ ವೋಟು ವಾಪಸ್ ಅಂದರು, ಅಷ್ಟರಲ್ಲಿ ಕೆಲಸ ಮುಗಿದಿತ್ತು.

ಕೊಟ್ಟ ಕಾರಣ, ಲೆಕ್ಕ ತಾಳೆಯಾಗುತ್ತಿಲ್ಲ ಅಂತ. ಆಮೇಲೊಂದು ಚುನಾವಣೆಯಲ್ಲಿ ನಾನು ಬೂತ್ ಕೆಲಸಕ್ಕೆ ಹೋಗಿದ್ದೆ. ರಾತ್ರಿ 8ಕ್ಕೆ ಬಾಗಿಲು ಹಾಕಿ, ಪೋಲ್ ಬುಕ್‌ನ (ವೋಟು ಹಾಕಲು ಬಂದವರ ಹೆಸರಿನ ಪುಸ್ತಕ) ಸಂಖ್ಯೆಯನ್ನೂ ಯಂತ್ರದ ಸಂಖ್ಯೆಯನ್ನೂ ಹೋಲಿಸಬೇಕು. ಪುಸ್ತಕದಲ್ಲಿ ಒಂದು ಹೆಸರು ಜಾಸ್ತಿ. ಯಾರೋ ಮತಪತ್ರವನ್ನು ಯಂತ್ರಕ್ಕೆ ಹಾಕದೆ ಕೈಯಲ್ಲಿ ಹಿಡಿದೇ ಹೋಗಿದ್ದರು. ಅದನ್ನು ಬರೆದಿಟ್ಟು, ಪೆಟ್ಟಿಗೆಗೆ ಸೀಲ್ ಹಾಕಿ, ಎರಡು ಪಕ್ಷದ ಇಬ್ಬರು ಸಹಿ ಮಾಡಿದೆವು. (ನನ್ನ ಜೊತೆ ಸಹಿ ಮಾಡಿದ ಅಜ್ಜಿ ಟ್ರಂಪ್ ಕಡೆಯವರು. ಬೆಳಿಗ್ಗೆಯಿಂದ ಕುಕೀ ಕೊಡುತ್ತಲೇ ಇದ್ದರು.)

ಡೆಟ್ರಾಯಿಟ್ ಬಿಟ್ಟು ಉಳಿದ ಊರುಗಳನ್ನು ಒಪ್ಪಬಹುದು ಎಂದಿದ್ದರು ಮಂಡಳಿಯ ಅಧ್ಯಕ್ಷೆ. ಪಕ್ಕದ ಲಿವೋನಿಯಾದಲ್ಲೂ ಲೆಕ್ಕ ತಪ್ಪಿತ್ತು. ಡೆಟ್ರಾಯಿಟ್‌ನಲ್ಲಿ ಕರಿಯರು ಜಾಸ್ತಿ, ಲಿವೋನಿಯಾದಲ್ಲಿ ಬಿಳಿಯರು. ಇನ್ನೂ ಬಿಡಿಸಿ ಹೇಳಬೇಕಾ?

ಎರಡೂ ಕಡೆ ನೋಡು:
ಸುಮ್ನೆ ಒಂದೇ ಪಕ್ಷವನ್ನು ಬೈಯಬೇಡಿ. 2005ರಲ್ಲಿ ಅಲ್ಲಿನ ಸಂಸತ್ತಿನಲ್ಲಿ ಒಹಾಯೋ ರಾಜ್ಯದ ಮತಗಳಿಗೆ ತಕರಾರು ತೆಗೆದವರು ಡೆಮಾಕ್ರಟರೇ ಅಲ್ವಾ?

ಕ್ಯಾಂಟನ್ ಕನ್ನಡಿಗ:
ಹೌದು, ತೆಗೆದರು. ಆದರೆ ಅವರ ಅಭ್ಯರ್ಥಿ ಜಾನ್ ಕೆರಿ 2004ರ ಚುನಾವಣೆಯ ಮರುದಿನವೇ ಸೋಲು ಒಪ್ಪಿಕೊಂಡಿದ್ದರು. ಮೇಲ್ಮನೆ ಸೆನೆಟ್‌ನಲ್ಲಿ ಆ ತಕರಾರಿಗೆ ಬಿದ್ದದ್ದು ಒಂದೇ ವೋಟು. 2021ರಲ್ಲಿ ಸಂಸತ್ ಭವನ ಕ್ಯಾಪಿಟಲ್‌ಗೆ ಜನ ನುಗ್ಗಿ ದಾಂಧಲೆ ಮಾಡಿದ ಮೇಲೂ ಕೆಳಮನೆಯ 139 ರಿಪಬ್ಲಿಕನ್ನರು ತಕರಾರಿನ ಪರ ನಿಂತರು. ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾರೆ.

ಈಗ ಕಾನೂನು ಬಿಗಿಯಾಗಿದೆ. ಮೊದಲು ತಕರಾರಿಗೆ ಪ್ರತಿ ಸದನದಿಂದ ಒಬ್ಬೊಬ್ಬರು ಎದ್ದರೆ ಸಾಕಿತ್ತು, 2022ರ ಕಾಯ್ದೆ ಪ್ರಕಾರ ಪ್ರತಿ ಸದನದ ಐದನೇ ಒಂದು ಭಾಗ ಸದಸ್ಯರು ಬೇಕು. ಮಿಶಿಗನ್ ಮತದಾರರೂ ಅದೇ ವರ್ಷ ರಾಜ್ಯದ ಸಂವಿಧಾನ ತಿದ್ದಿದರು: ಎಣಿಕೆಯ ಲೆಕ್ಕ ನೋಡಿ ಸಹಿ ಹಾಕುವುದಷ್ಟೇ ಮಂಡಳಿಯ ಕೆಲಸ, ಇಷ್ಟ ಇಲ್ಲ ಅನ್ನುವ ಹಾಗಿಲ್ಲ.

ನನಗೆ ಚಿಂತೆ ಬೇರೆ. 2020ರಲ್ಲಿ ಈ ತಿದ್ದುಪಡಿ ಇರಲಿಲ್ಲ. ಇಡೀ ಮಿಶಿಗನ್‌ನ ಫಲಿತಾಂಶ ಒಪ್ಪುವ ರಾಜ್ಯ ಮಂಡಳಿಯಲ್ಲಿ ಆ್ಯರನ್ ವ್ಯಾನ್ ಲ್ಯಾಂಗವೆಲ್ಡೆ ಎಂಬ ರಿಪಬ್ಲಿಕನ್, ಕಾನೂನು ನಮಗೆ ಕೊಡದ ಅಧಿಕಾರ ಚಲಾಯಿಸಬಾರದು ಅಂತ ಹೇಳಿ ಫಲಿತಾಂಶ ಒಪ್ಪಿದರು. ಅವರ ಪಕ್ಷದ ಇನ್ನೊಬ್ಬರು ವೋಟು ಹಾಕದೆ ಕೂತರು, 3-0 ಆಯಿತು. ಅವಧಿ ಮುಗಿದಾಗ ಪಕ್ಷ ವ್ಯಾನ್ ಲ್ಯಾಂಗವೆಲ್ಡೆ ಹೆಸರನ್ನು ಮತ್ತೆ ಕಳಿಸಲೇ ಇಲ್ಲ. ಇದಕ್ಕೆ ಯಾವ ತಿದ್ದುಪಡಿ ತರುತ್ತೀರಿ?

ನೋವೈ ಅಮ್ಮ:
ಗ್ರೀನ್ ಕಾರ್ಡ್‌ನಲ್ಲಿ ಬೂತ್ ಕೆಲಸ ಮಾಡಬಹುದಾ?

ಕ್ಯಾಂಟನ್ ಕನ್ನಡಿಗ:
ಆಗಲ್ಲ, ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಇಲ್ಲೇ ಹುಟ್ಟಿದ ಮಕ್ಕಳಿದ್ದರೆ 16-17 ವರ್ಷದವರನ್ನೂ ತೆಗೆದುಕೊಳ್ಳುತ್ತಾರೆ. ನಿಮ್ಮ ಊರಿನ ಕ್ಲರ್ಕ್ ಆಫೀಸಿನಲ್ಲಿ ಕೇಳಿ. ದುಡ್ಡೂ ಕೊಡುತ್ತಾರೆ, ತರಬೇತಿಯೂ ಇರುತ್ತದೆ.