ಅಂಗನವಾಡಿ, ಬಿಸಿಯೂಟ, ಪಡಿತರ: ಪೌಷ್ಟಿಕತೆಯ ತಿಳಿವಳಿಕೆಯನ್ನು ಒಂದಾಗಿಸುವುದು ಹೇಗೆ?

ಪ್ರಶ್ನೆ – ಗ್ರಾಮ ಪಂಚಾಯಿತಿ ಸದಸ್ಯೆ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಎಷ್ಟೋ ಮನೆಗಳಲ್ಲಿ ಗರ್ಭಿಣಿಗೆ ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಊಟ, ಶಾಲೆಯ ಮಗುವಿಗೆ ಅಕ್ಷರ ದಾಸೋಹದ ಬಿಸಿಯೂಟ, ಇಡೀ ಕುಟುಂಬಕ್ಕೆ ಅನ್ನಭಾಗ್ಯದ ಅಕ್ಕಿ ದೊರೆಯುತ್ತಿದೆ. ಮೂರನ್ನೂ ಬೇರೆ ಬೇರೆ ಇಲಾಖೆಗಳು ನಡೆಸುವುದರಿಂದ, ಆಹಾರದ ಬಗ್ಗೆ ಆ ಮನೆಗೆ ತಲುಪುವ ಮಾತೂ ಮೂರು ಬಗೆಯದಾಗಿದೆ. ಈ ಅಕ್ಕಿಯಲ್ಲಿ ಬೆರೆಸಿರುವ ಸಾರವರ್ಧಿತ (ಪೋಷಕಾಂಶ ಸೇರಿಸಿದ) ಅಕ್ಕಿಯ ಕಾಳುಗಳನ್ನು ‘ಪ್ಲಾಸ್ಟಿಕ್ ಅಕ್ಕಿ’ ಎಂದು ಹೆದರಿ ತಾಯಂದಿರು ಆರಿಸಿ ಎಸೆಯುತ್ತಿದ್ದಾರೆ. ನ್ಯಾಯಬೆಲೆ ಅಂಗಡಿಯಲ್ಲಿ ವಿಚಾರಿಸಿದರೆ ಬಂದ ಅಕ್ಕಿಯನ್ನು ಕೊಡುವುದಷ್ಟೇ ತಮ್ಮ ಕೆಲಸ ಎನ್ನುತ್ತಾರೆ. ಎಲ್ಲ ಕಡೆಯೂ ಒಂದೇ ಉತ್ತರ ಸಿಗುವಂತೆ ಪಂಚಾಯಿತಿಯ ಮಟ್ಟದಲ್ಲಿ ಏನು ಮಾಡಬಹುದು?

ಉತ್ತರ – ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ

ಮೇಡಂ, ಮೊದಲು ಆ ಉತ್ತರ ಏನೆಂಬುದು ಖಚಿತವಾಗಬೇಕು. ಆ ಕಾಳುಗಳು ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ ಮತ್ತು ಬಿ-12 ಜೀವಸತ್ವವನ್ನು ಬೆರೆಸಿ, ಯಂತ್ರದಲ್ಲಿ ಅಕ್ಕಿಯ ಆಕಾರಕ್ಕೆ ತಂದವು. ಸಾಮಾನ್ಯವಾಗಿ 100 ಕೆ.ಜಿ. ಅಕ್ಕಿಗೆ 1 ಕೆ.ಜಿ.ಯಂತೆ ಇವನ್ನು ಬೆರೆಸುತ್ತಾರೆ. ಆದ್ದರಿಂದ ಅವನ್ನು ಆರಿಸಿ ತೆಗೆದರೆ ಸೇರಿಸಿದ ಸತ್ವವೆಲ್ಲ ಕಸದ ಪಾಲಾಗುತ್ತದೆ. ಬಣ್ಣದಲ್ಲಿ ತುಸು ವ್ಯತ್ಯಾಸ ಕಂಡರೂ, ಕೆಲವು ನೀರಿನಲ್ಲಿ ತೇಲಿದರೂ ಅಂಜಬೇಕಿಲ್ಲ. ಹೆಚ್ಚು ತೊಳೆಯದೆ, ಗಂಜಿ ಬಸಿಯದೆ, ಬೇಕಾದಷ್ಟೇ ನೀರಿಟ್ಟು ಅನ್ನ ಮಾಡಬೇಕು. ಥಲಸೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳುವುದು ಒಳ್ಳೆಯದು. ಇಷ್ಟನ್ನು ಅರ್ಧ ಪುಟದಲ್ಲಿ ಬರೆಸಿ, ಅದೇ ಹಾಳೆಯನ್ನು ಅಂಗಡಿ, ಶಾಲೆ ಮತ್ತು ಅಂಗನವಾಡಿಯಲ್ಲಿ ಅಂಟಿಸಿರಿ.

ಉತ್ತರ – ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕ

ಹಾಳೆ ಅಂಟಿಸಿದರೆ ಸಾಲದು ಎಂಬುದು ನನ್ನ ಅಭಿಪ್ರಾಯ. ನಾನು ಕಂಡಂತೆ ಬಿಸಿಯೂಟದ ಅಡುಗೆಯವರನ್ನು ಪೌಷ್ಟಿಕತೆಯ ಸಭೆಗಳಿಗೆ ಯಾರೂ ಕರೆಯುವುದಿಲ್ಲ. ಅವರೂ ಇದೇ ಊರಿನ ತಾಯಂದಿರು, ಪಡಿತರದ ಅಕ್ಕಿಯನ್ನು ಮನೆಯಲ್ಲಿ ಬೇಯಿಸುವವರು. ಅಂಗನವಾಡಿಯ ಸಹಾಯಕಿಯರನ್ನೂ ಇವರನ್ನೂ ಒಟ್ಟಿಗೆ ಕೂರಿಸಿ, ಒಂದು ಪಾತ್ರೆಯಲ್ಲಿ ಸಾದಾ ಅಕ್ಕಿ, ಇನ್ನೊಂದರಲ್ಲಿ ಸಾರವರ್ಧಿತ ಅಕ್ಕಿ ಹಾಕಿ ಅನ್ನ ಮಾಡಿ ತೋರಿಸಿದರೆ ಆ ಮಾತು ಓಣಿ ಓಣಿಗೂ ಹರಡುತ್ತದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ನ್ಯಾಯಬೆಲೆ ಅಂಗಡಿಯವರನ್ನು ಕರೆಯಲು ಯಾವ ಆದೇಶವೂ ಬೇಕಾಗುವುದಿಲ್ಲ.

ಉತ್ತರ – ಆಶಾ ಕಾರ್ಯಕರ್ತೆ

ಸರ್ ಹೇಳಿದ್ದು ಸರಿ, ಆದರೆ ಆರೋಗ್ಯ ಇಲಾಖೆಯನ್ನು ಬಿಟ್ಟು ಇದು ಪೂರ್ತಿಯಾಗದು. ಕಬ್ಬಿಣಾಂಶದ ಮಾತ್ರೆಯನ್ನು ಕೊಡುವವರು ನಾವು, ಊಟ ಮತ್ತು ಹಾಲನ್ನು ಕೊಡುವುದು ಅಂಗನವಾಡಿ. ಕಬ್ಬಿಣದ ಮಾತ್ರೆಯನ್ನು ಹಾಲು, ಚಹಾ ಅಥವಾ ಕ್ಯಾಲ್ಸಿಯಂ ಮಾತ್ರೆಯೊಂದಿಗೆ ನುಂಗಿದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳ ನಡುವೆ ಎರಡು ಗಂಟೆಯಾದರೂ ಅಂತರ ಬೇಕು. ಇದನ್ನು ನಾನೊಬ್ಬಳೇ ಹೇಳಿದರೆ, ಹಾಲಿನ ಲೋಟ ಕೈಗೆ ಬಂದಾಗ ಗರ್ಭಿಣಿಯರಿಗೆ ನೆನಪಾಗುವುದಿಲ್ಲ.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯಲ್ಲಿ ಪಂಚಾಯಿತಿ ಸದಸ್ಯರೂ ಆಶಾ, ಅಂಗನವಾಡಿ ಕಾರ್ಯಕರ್ತೆಯರೂ ಇರುತ್ತಾರೆ. ಆ ಸಮಿತಿಗೆ ಮುಖ್ಯ ಅಡುಗೆಯವರನ್ನೂ ಅಂಗಡಿಯವರನ್ನೂ ಆಹ್ವಾನಿಸಿ, ತಿಂಗಳಿಗೊಂದೇ ವಿಷಯ ಗೊತ್ತುಮಾಡಿ, ಎಲ್ಲರೂ ಅದನ್ನೇ ಹೇಳೋಣ. ಸೆಪ್ಟೆಂಬರ್‌ನ ಪೋಷಣ್ ಮಾಸಾಚರಣೆವರೆಗೆ ಕಾಯಬೇಡಿ ಮೇಡಂ. ಮುಂದಿನ ಸಭೆಯ ನಡಾವಳಿಯಲ್ಲೇ ಸಾರವರ್ಧಿತ ಅಕ್ಕಿಯನ್ನು ಮೊದಲ ವಿಷಯವಾಗಿ ಬರೆಸಿರಿ.